ತಂತಿಯ ಕೊನೆ

ಚಿದ್ರಿಯಲ್ಲಾಗಲಿ, ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಾಗಲಿ ಹೊಲವುಳ್ಳವರಿಗೆ ಪಹಣಿಯ ಬೆಲೆಯನ್ನು ಯಾರೂ ತಿಳಿಸಿಕೊಡಬೇಕಾಗಿಲ್ಲ. ನಿಜಾಮರ ಕಾಲದಲ್ಲಿ ಪಟವಾರಿಯ ದಫ್ತರದಲ್ಲಿದ್ದ ಜಮೀನಿನ ಲೆಕ್ಕ ಮುಂದೆ ಗ್ರಾಮಲೆಕ್ಕಿಗರ ಕೈಗೆ ಬಂದಿತು. ೨೦೦೦ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಅಂದಿನ ೧೭೭ ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಅಂದರೆ ಹೊಲದ ಹಕ್ಕು ಒಂದು ತಿರುಗುವ ತಟ್ಟೆಯ ಮೇಲೆ ಕುಳಿತಿತು. ಆ ತಟ್ಟೆಯನ್ನು ಕುರಿತು ಬರೆದವರು ಅನೇಕರು. ತಟ್ಟೆಯಿಂದ ಯಂತ್ರದ ಮಿದುಳಿಗೆ ಅಕ್ಷರಗಳನ್ನು ಹೊತ್ತು ತರುವ ತಂತಿಯನ್ನು ಮಾತ್ರ ಕೇಳುವವರಿಲ್ಲ.

ತಟ್ಟೆಯ ಹುಟ್ಟು ೧೯೫೬ರಲ್ಲಿ. ಅಮೆರಿಕದ ಐಬಿಎಂ ಸಂಸ್ಥೆ ಅಂದು ಹೊರತಂದ ಯಂತ್ರದಲ್ಲಿ ಎರಡಡಿ ಅಗಲದ ೫೦ ತಟ್ಟೆಗಳಿದ್ದು, ಅವೆಲ್ಲ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರ. ೧೯೮೦ರಲ್ಲಿ ಶುಗಾರ್ಟ್ ಟೆಕ್ನಾಲಜಿ ಸಂಸ್ಥೆಯವರು ಅಷ್ಟನ್ನೇ ಮೇಜಿನ ಮೇಲಿಡಬಹುದಾದ ಪೆಟ್ಟಿಗೆಯೊಳಗೆ ಅಡಗಿಸಿದರು. ಬೀದರಿನಲ್ಲಿ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜು ಆರಂಭವಾದುದೂ ಅದೇ ವರ್ಷ. ಆ ಪುಟ್ಟ ಡಿಸ್ಕಿಗೆ ಎರಡು ಪಟ್ಟಿತಂತಿಗಳು: ಅಪ್ಪಣೆ ಒಯ್ಯಲು ೩೪ ಎಳೆಯದೊಂದು, ಅಕ್ಷರ ಒಯ್ಯಲು ೨೦ ಎಳೆಯದೊಂದು. ಅಪ್ಪಣೆಯ ತಂತಿ ಒಂದು ಡಿಸ್ಕಿನಿಂದ ಮತ್ತೊಂದಕ್ಕೆ ಸಾಲಾಗಿ ಹೋಗುತ್ತಿತ್ತು. ಸಾಲಿನ ಕೊನೆಯ ಡಿಸ್ಕಿನಲ್ಲಿ ಮಾತ್ರ ರೆಸಿಸ್ಟರುಗಳ ಒಂದು ಗುಂಪು ಇರಬೇಕೆಂಬುದು ಕಟ್ಟಳೆ.

ಏಕೆ ಈ ಕಟ್ಟಳೆ? ಬಾವಿಯ ಹಗ್ಗವನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಒಮ್ಮೆ ಜಾಡಿಸಿ ನೋಡಿರಿ. ಎದ್ದ ಅಲೆ ಕಂಬದವರೆಗೆ ಓಡಿ, ಅಲ್ಲಿ ದಾರಿಗಾಣದೆ, ತಲೆಕೆಳಗಾಗಿ ನಿಮ್ಮ ಕೈಗೇ ಮರಳಿ ಬರುತ್ತದೆ. ವಿದ್ಯುತ್ತಿನ ಮಿಡಿತವೂ ತಂತಿಯ ತುದಿಯಲ್ಲಿ ಹೀಗೆಯೇ ಹಿಂದಿರುಗಿ, ಹಿಂದೆ ಬರುತ್ತಿರುವ ಮಿಡಿತದೊಡನೆ ಕಲೆತು ಅದನ್ನು ಕೆಡಿಸುತ್ತದೆ. ತಂತಿಯ ಗುಣಕ್ಕೆ ಸರಿಹೊಂದುವ ರೆಸಿಸ್ಟರನ್ನು ತುದಿಗೆ ಕೂರಿಸಿದರೆ ಅಲೆ ಅಲ್ಲಿಯೇ ಇಂಗಿಹೋಗುತ್ತದೆ. ಇದರ ಗಣಿತವನ್ನು ೧೯ನೆಯ ಶತಮಾನದಲ್ಲಿಯೇ ಬಿಡಿಸಿದಾತ ಆಲಿವರ್ ಹೆವಿಸೈಡ್, ಇಂಗ್ಲೆಂಡಿನಲ್ಲಿ ತಂತಿ ಕಚೇರಿಯ ನೌಕರನಾಗಿದ್ದವನು. ರೇಡಿಯೋ ಏರಿಯಲ್ಲಿನ ತಂತಿಯನ್ನು ಸೆಟ್ಟಿಗೆ ಹೊಂದಿಸುವ ವಿದ್ಯೆಯೂ ಇದೇ. ಈ ರೆಸಿಸ್ಟರಿಗೆ ಟರ್ಮಿನೇಟರ್ ಎಂದು ಹೆಸರು. ಕನ್ನಡದಲ್ಲಿ ‘ಕೊನೆಗಟ್ಟು’ ಎನ್ನಬಹುದೆಂದು ನನ್ನ ಮತ. ಆದರೆ ಅಂಗಡಿಗೆ ಹೋಗಿ ಹಾಗೆಂದು ಕೇಳಿದರೆ ಬರಿಗೈಯಲ್ಲಿ ಬರಬೇಕಾದೀತು.

೧೯೮೬ರಲ್ಲಿ ಅಮೆರಿಕದ ಮಾನಕ ಸಂಸ್ಥೆ ‘ಸ್ಕಸಿ’ ಎಂಬ ಪದ್ಧತಿಯನ್ನು ಅಂಗೀಕರಿಸಿದ ಮೇಲೆ ಕೊನೆಗಟ್ಟಿನ ವಿಷಯ ಒಂದು ಶಾಸ್ತ್ರವೇ ಆಯಿತು. ೫೦ ಎಳೆಯ ಒಂದೇ ಪಟ್ಟಿಗೆ ಗಣಕವೂ ಸೇರಿದಂತೆ ಎಂಟು ಉಪಕರಣಗಳು. ತಂತಿಯ ಉದ್ದ ಆರು ಮೀಟರಿಗೆ ಮೀರಕೂಡದು. ಎರಡು ತುದಿಗಳಿಗೂ ಕೊನೆಗಟ್ಟು, ನಡುವೆ ಎಲ್ಲಿಯೂ ಇಲ್ಲ. ನಡುವಣ ಡಿಸ್ಕಿನಲ್ಲಿ ಮರೆತು ಒಂದನ್ನು ಉಳಿಸಿದರೆ ಮಿಡಿತ ಸೊರಗುವುದು. ತುದಿಯದನ್ನು ಬಿಟ್ಟರೆ ಅಲೆ ಮರಳುವುದು. ಕೆಡುಕೆಂದರೆ, ಹೀಗೆ ತಪ್ಪಿ ಜೋಡಿಸಿದ ಯಂತ್ರವೂ ಹಲವು ದಿನ ನಡೆದೇ ನಡೆಯುತ್ತಿತ್ತು. ಆ ಕಾಲದ ಸರ್ವರ್ ಗಣಕಗಳಲ್ಲಿ ಬಹುಮಟ್ಟಿಗೆ ಇದ್ದುದು ಈ ಸ್ಕಸಿಯೇ.

ಕಾವಲಿಗೆ ಇದ್ದುದು ಪ್ಯಾರಿಟಿ ಎಂಬ ಒಂದೇ ಎಳೆ. ಗಣಕದ ಸಂಕೇತದಲ್ಲಿ ೮ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಒಂದು ಬಿಟ್. ಒಂದು ತಿರುಗಿದರೆ ಪ್ಯಾರಿಟಿ ಹಿಡಿಯುತ್ತದೆ. ೫ಕ್ಕೂ ೬ಕ್ಕೂ ವ್ಯತ್ಯಾಸ ಎರಡು ಬಿಟ್. ಎರಡೂ ಕೂಡಿ ತಿರುಗಿದರೆ ಕಾವಲುಗಾರನಿಗೆ ಗೊತ್ತೇ ಆಗದು. ಐದು ಎಕರೆ ಆರೆಂದೋ, ಆರು ಐದೆಂದೋ ತಟ್ಟೆಯ ಮೇಲೆ ಶುದ್ಧವಾಗಿ ಬರೆದುಹೋಗಲು ಅಡ್ಡಿಯಿಲ್ಲ. ತಟ್ಟೆಗೆ ತನ್ನದೇ ಆದ ತಪ್ಪುತಿದ್ದುವ ಕ್ರಮವುಂಟು, ನಿಜ. ಆದರೆ ತಂತಿ ತಂದುಕೊಟ್ಟುದನ್ನೇ ಅದು ಜೋಪಾನ ಮಾಡುವುದು.

ಮನೆ, ಶಾಲೆಗಳ ಗಣಕಗಳಿಗೆ ಬಂದುದು ಅಗ್ಗದ ಮಾರ್ಗ, ‘ಐಡಿಇ’: ೧೯೮೬ರ ಹೊತ್ತಿನದು, ೪೦ ಎಳೆ, ೧೮ ಅಂಗುಲ ಮಿತಿ. ಮೊದಲು ಅದರ ತಂತಿಗೆ ಆ ಒಂದು ಕಾವಲೂ ಇರಲಿಲ್ಲ. ವೇಗ ಏರಿದಂತೆ ಎಳೆಗಳು ಪಕ್ಕದವುಗಳೊಡನೆ ಗುಸುಗುಸು ನಡೆಸತೊಡಗಿದವು. ೧೯೯೮-೯೯ರ ಸುಮಾರಿಗೆ ೮೦ ಎಳೆಯ ಪಟ್ಟಿ ಬಂದಿತು. ಕನೆಕ್ಟರಿನಲ್ಲಿ ಪಿನ್ನುಗಳು ಮುಂಚಿನ ೪೦ರವೇ. ಹೆಚ್ಚಿನ ೪೦ ಎಳೆಗಳು ಬರಿಯ ಅರ್ತ್, ಎರಡು ಹೊಲಗಳ ನಡುವಣ ಬದುವಿನಂತೆ. ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮೊದಲ ಡಿಸ್ಕಿಗೆ, ಬೂದು ನಡುವಣದಕ್ಕೆ. ಒಂದೇ ಡಿಸ್ಕಿದ್ದರೆ ಕಪ್ಪಿಗೇ ಹಾಕಬೇಕು. ಬೂದಿಗೆ ಹಾಕಿದರೆ ಮುಂದಿನ ತುಂಡು ಬಾಲವಾಗಿ ಉಳಿದು ಅಲೆಯನ್ನು ಹಿಂದಕ್ಕೆ ಅಟ್ಟುತ್ತದೆ. ಬಣ್ಣ ಬರಿಯ ಅಂದಕ್ಕೆಂದು ತಿಳಿದು ಕೈಗೆ ಸಿಕ್ಕಿದ ತುದಿಯನ್ನು ಸಿಕ್ಕಿಸಿದವರು ಕಡಿಮೆಯೇನಲ್ಲ. ತಂತಿಯಲ್ಲಿ ಬಂದುದನ್ನು ತಾಳೆ ನೋಡುವ ಸಿಆರ್‌ಸಿ ಎಂಬ ಲೆಕ್ಕವೂ ಆ ಕಾಲದಲ್ಲಿಯೇ ಸೇರಿಕೊಂಡುದು ದೊಡ್ಡ ಉಪಕಾರ.

೨೦೦೩ರಲ್ಲಿ ‘ಸಾಟಾ’ ಬಂದ ಬಳಿಕ ಅಗಲದ ಪಟ್ಟಿ ಹೋಗಿ ಏಳು ಎಳೆಯ ಸಣ್ಣ ತಂತಿ ಬಂದಿತು. ಡಿಸ್ಕಿಗೊಂದು, ಉದ್ದ ಒಂದು ಮೀಟರ್. ಸಾಲು ಇಲ್ಲವಾದುದರಿಂದ ನಡು ಎಂಬುದೂ ಇಲ್ಲ. ಕೊನೆಗಟ್ಟು ಎರಡೂ ಕಡೆಯ ಚಿಪ್ಪಿನೊಳಗೇ ಕುಳಿತಿದೆ. ಅದನ್ನು ಮರೆಯಲು ಯಾರಿಗೂ ಅವಕಾಶವಿಲ್ಲ. ಆದರೂ ಕೊಳ್ಳುವಾಗ ಕೊಂಡಿಯುಳ್ಳ ತಂತಿಯನ್ನೇ ಕೇಳಿರಿ, ಹಳೆಯ ಮಾದರಿ ಅಲುಗಿದರೆ ಕಳಚುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ಅದನ್ನು ಕಾಗದದಂತೆ ಮಡಿಸಬೇಡಿರಿ. ಈಚಿನ ಎಂ.೨ ಮಾದರಿಗೆ ತಂತಿಯೇ ಬೇಡ, ಬೆರಳಗಲದ ಹಲಗೆ ನೇರವಾಗಿ ಮದರ್‌ಬೋರ್ಡಿನ ಮೇಲೆ ಕೂರುತ್ತದೆ. ಹೆವಿಸೈಡನ ಅಲೆ ಅಲ್ಲಿಯೂ ಓಡುತ್ತದೆ, ತಾಮ್ರದ ಕೆಲವೇ ಅಂಗುಲಗಳಲ್ಲಿ.