ಸೇನಾ ಟ್ರೇಡ್ ಆಯ್ಕೆ ಮತ್ತು ನಂತರದ ನಾಗರಿಕ ವೃತ್ತಿ (ಚಿಕ್ಕಬಳ್ಳಾಪುರ ಜಿಲ್ಲೆ)

ಸೇನೆಗೆ ಸೇರುವಾಗಲೇ, ಅಲ್ಲಿಂದ ಹೊರಬಂದ ಮೇಲೆ ಯಾವ ದುಡಿಮೆ ಹಿಡಿಯಬಹುದು ಎಂಬ ಲೆಕ್ಕದಿಂದ ಕೆಲಸದ ವಿಭಾಗವನ್ನು ಆರಿಸಿಕೊಳ್ಳುವ ಕ್ರಮ. ಚಾಲಕ, ಗುಮಾಸ್ತ, ಎಲೆಕ್ಟ್ರಿಷಿಯನ್, ಅಡುಗೆಯವರು, ವಾಹನ ಮೆಕ್ಯಾನಿಕ್ ಹೀಗೆ ಸೈನಿಕನಿಗೆ ಗೊತ್ತುಮಾಡುವ ಕಸುಬನ್ನು ಸೇನೆಯಲ್ಲಿ ಟ್ರೇಡ್ ಎನ್ನುತ್ತಾರೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಕೊಡಗಿನ ಹಾಗೆ ಸೈನಿಕರ ನಾಡೆಂದು ಕರೆಯುವ ವಾಡಿಕೆಯಿಲ್ಲ. ಇಲ್ಲಿ ಮನೆತನದ ಸೈನಿಕ ಪರಂಪರೆಗಿಂತ ರೇಷ್ಮೆ, ಹೈನು, ತರಕಾರಿಗಳ ಆದಾಯಕ್ಕೆ ಆಸರೆಯಾಗಲೆಂದು ಮಿಲಿಟ್ರಿ ಸೇರುವವರೇ ಹೆಚ್ಚು. ಮಳೆಯನ್ನೂ ಆಳದ ಕೊಳವೆಬಾವಿಯನ್ನೂ ನಂಬಿದ ಹೊಲಕ್ಕೆ ಮರಳಿದವರಿಗೆ ಇನ್ನೊಂದು ಸಂಪಾದನೆ ಬೇಕೇ ಬೇಕಾಗುವುದರಿಂದ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಟ್ರೇಡ್‌ನ ಪ್ರಶ್ನೆ ಪಿಂಚಣಿಯ ಪ್ರಶ್ನೆಯಷ್ಟೇ ದೊಡ್ಡದು.

ಆಯ್ಕೆ ನಿಜಕ್ಕೂ ನಡೆಯುವುದು ಎಲ್ಲಿ

ರ್‍ಯಾಲಿಯ ದಿನ ನೇಮಕಾತಿ ಮೈದಾನದಲ್ಲಿ ನಿಂತು ಟ್ರೇಡ್ ಕೇಳಿ ಪಡೆಯಬಹುದು ಎಂಬ ನಂಬಿಕೆ ಹಳ್ಳಿಗಳಲ್ಲಿ ಈಗಲೂ ಇದೆ. ಅದು ಸರಿಯಲ್ಲ. ಅಭ್ಯರ್ಥಿ ಆರಿಸಿಕೊಳ್ಳುವುದು ವರ್ಗವನ್ನು ಮಾತ್ರ: ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್ ಮತ್ತು ಸ್ಟೋರ್ ಕೀಪರ್, ಟ್ರೇಡ್ಸ್‌ಮನ್. ಆ ವರ್ಗದೊಳಗೆ ಯಾವ ಕೋರ್, ಯಾವ ಕಸುಬು ಎಂಬುದನ್ನು ಅಂಕ, ಖಾಲಿ ಸ್ಥಾನ ಮತ್ತು ಸೇನೆಯ ಅಗತ್ಯ ನೋಡಿ ಸೇನೆಯೇ ನಿರ್ಧರಿಸುತ್ತದೆ. ವರ್ಗವನ್ನು ಕಟ್ಟಿಹಾಕುವುದು ಶಾಲೆಯ ಅಂಕಪಟ್ಟಿ. ಜನರಲ್ ಡ್ಯೂಟಿಗೆ ಹತ್ತನೆಯ ತರಗತಿಯಲ್ಲಿ ಒಟ್ಟು ಶೇ. 45 ಸಾಕು. ಕ್ಲರ್ಕ್ ವರ್ಗಕ್ಕೆ ಪಿಯುಸಿಯಲ್ಲಿ ಒಟ್ಟು ಶೇ. 60, ಜೊತೆಗೆ ಪ್ರತಿ ವಿಷಯದಲ್ಲೂ ಶೇ. 50 ಬೇಕು. ಟೆಕ್ನಿಕಲ್‌ಗೆ ಪಿಯುಸಿ ವಿಜ್ಞಾನ ಇಲ್ಲವೇ ಹತ್ತನೆಯ ತರಗತಿಯ ಮೇಲೆ ಐಟಿಐ ಅಥವಾ ಡಿಪ್ಲೊಮಾ ಬೇಕು.

ಆದ್ದರಿಂದ ಈ ಲೇಖನದ ವಿಷಯವಾದ ಆಯ್ಕೆ ನಡೆಯುವುದು ಬಹುಪಾಲು ಹದಿನಾರನೆಯ ವಯಸ್ಸಿನಲ್ಲಿ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರದ ಒಂದೆರಡು ತಿಂಗಳಲ್ಲಿ. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿ ಮುಗಿಸಿ ಪೂರ್ಣ 60 ಅಂಕ ಪಡೆಯಲು ಬೆಳಗಿನ ಜಾವ ರಸ್ತೆಯಲ್ಲಿ ಅಭ್ಯಾಸ ಮಾಡುವ ಹುಡುಗರಲ್ಲಿ ಹಲವರು ಆ ಹೊತ್ತಿಗಾಗಲೇ ಆಯ್ಕೆಯ ಆ ತಿಂಗಳುಗಳನ್ನು ದಾಟಿ ಬಂದಿರುತ್ತಾರೆ.

ಹಿನ್ನೆಲೆ: ಯುದ್ಧ ಮುಗಿದ ಮೇಲಿನ ಉದ್ಯೋಗ ವಿನಿಮಯ ಕೇಂದ್ರ

ಸೇನೆಯ ಕಸುಬಿಗೂ ನಾಗರಿಕ ಉದ್ಯೋಗಕ್ಕೂ ಇರುವ ನಂಟನ್ನು ತಿಳಿಯಲು ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗಬೇಕು. ಇಂದು ಎಲ್ಲರೂ ನಾಗರಿಕ ಸಂಸ್ಥೆಗಳೆಂದೇ ತಿಳಿದಿರುವ ಎರಡು ವ್ಯವಸ್ಥೆಗಳ ಬೇರು ಅಲ್ಲಿದೆ.

ಯುದ್ಧಕ್ಕೆ ಫಿಟ್ಟರ್, ಟರ್ನರ್, ವೆಲ್ಡರ್, ವೈರ್‌ಲೆಸ್ ಮೆಕ್ಯಾನಿಕ್‌ಗಳು ಸಾವಿರಗಟ್ಟಲೆ ಬೇಕಾದಾಗ ಭಾರತ ಸರ್ಕಾರ 1940ರಲ್ಲಿ ತಾಂತ್ರಿಕ ತರಬೇತಿ ಯೋಜನೆಯೊಂದನ್ನು ಆರಂಭಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯ ಸಂಖ್ಯೆ ಇಪ್ಪತ್ತು ಲಕ್ಷ ದಾಟಿತ್ತು. ಅವರಲ್ಲಿ ಬಹುಪಾಲು ಜನರನ್ನು ಮನೆಗೆ ಕಳಿಸಬೇಕಾಗಿ ಬಂದಾಗ, 1945ರ ಜುಲೈನಲ್ಲಿ ಕಾರ್ಮಿಕ ಇಲಾಖೆಯಡಿ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯ ಹುಟ್ಟಿತು. ಉದ್ಯೋಗ ವಿನಿಮಯ ಕೇಂದ್ರಗಳ ದೇಶವ್ಯಾಪಿ ಜಾಲ ಬೆಳೆದದ್ದು ಬಿಡುಗಡೆಯಾದ ಸೈನಿಕರಿಗೂ ಯುದ್ಧದ ಕಾರ್ಖಾನೆಗಳಿಂದ ಹೊರಬಿದ್ದ ಕೆಲಸಗಾರರಿಗೂ ಉದ್ಯೋಗ ಹುಡುಕಿಕೊಡಲು. 1947ರಲ್ಲಿ ದೇಶ ವಿಭಜನೆಯ ನಿರಾಶ್ರಿತರಿಗೂ 1948ರಲ್ಲಿ ಎಲ್ಲ ಉದ್ಯೋಗಾಕಾಂಕ್ಷಿಗಳಿಗೂ ಅವುಗಳ ಬಾಗಿಲು ತೆರೆಯಿತು. 1956ರ ನವೆಂಬರ್‌ನಲ್ಲಿ ಅವುಗಳ ದೈನಂದಿನ ಆಡಳಿತ ರಾಜ್ಯಗಳ ಕೈಗೆ ಬಂತು.

ಐಟಿಐಗಳ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಯುದ್ಧಕಾಲದ ತರಬೇತಿಯ ಅನುಭವ ಮತ್ತು ಬಿಡುಗಡೆಯಾದ ಸೈನಿಕರಿಗಾಗಿ ನಡೆದ ತರಗತಿಗಳ ಅಡಿಪಾಯದ ಮೇಲೆ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬಂತು. ಇಂದು ಚಿಂತಾಮಣಿಯ ಹುಡುಗ ಐಟಿಐ ಪ್ರಮಾಣಪತ್ರ ಹಿಡಿದು ಸೇನೆಯ ಟೆಕ್ನಿಕಲ್ ವರ್ಗಕ್ಕೆ ಅರ್ಜಿ ಹಾಕುತ್ತಾನೆ. ಎಂಬತ್ತು ವರ್ಷಗಳ ಹಿಂದೆ ದಾರಿ ತಿರುಗಾಮುರುಗಾ ಇತ್ತು: ಸೇನೆಯಿಂದ ಬಂದವರಿಗಾಗಿ ತರಬೇತಿ ಶಾಲೆಗಳು ನಡೆದವು. 1945ರ ಯೋಜಕರು ಹಿಡಿದ ಸೂತ್ರ ಇಂದಿಗೂ ಸರಿಯಾಗಿದೆ ಎಂಬುದು ಈ ಲೇಖಕನ ಅಭಿಪ್ರಾಯ. ಸೈನಿಕನಿಗೆ ಕೆಲಸ ಗೊತ್ತಿರುವುದಷ್ಟೇ ಸಾಲದು, ಆ ಕೆಲಸ ಗೊತ್ತಿದೆಯೆಂದು ನಾಗರಿಕ ಅಧಿಕಾರಿ ಒಪ್ಪುವ ಕಾಗದವೂ ಬೇಕು.

ಬೆಂಗಳೂರಿನ ತರಬೇತಿ ಕೇಂದ್ರಗಳು

1780ರಲ್ಲಿ ಕಟ್ಟಿದ ಮದ್ರಾಸ್ ಪಯೋನಿಯರ್ಸ್ ದಳದ ಪರಂಪರೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಹಲಸೂರಿನಲ್ಲಿದೆ. ಆರ್ಮಿ ಸರ್ವಿಸ್ ಕೋರ್, ಮಿಲಿಟರಿ ಪೊಲೀಸ್ ಕೋರ್, ಪಯೋನಿಯರ್ ಕೋರ್, ಪ್ಯಾರಾಶೂಟ್ ರೆಜಿಮೆಂಟ್‌ಗಳ ಕೇಂದ್ರಗಳೂ ಬೆಂಗಳೂರಿನಲ್ಲೇ ಇವೆ. ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಶಿಕ್ಷಣ ಸಂಸ್ಥೆಗಳಿವೆ. ಆದರೆ ತರಬೇತಿ ಊರಿನ ಹತ್ತಿರವೇ ಆಗುತ್ತದೆ ಎಂದು ಯಾರೂ ಭಾವಿಸಬಾರದು. ವಾಹನ ಮತ್ತು ಉಪಕರಣಗಳ ದುರಸ್ತಿ ನೋಡಿಕೊಳ್ಳುವ ಇಎಂಇ ಕೋರ್‌ನ ತರಬೇತಿ ಕೇಂದ್ರಗಳಿರುವುದು ಸಿಕಂದರಾಬಾದ್ ಮತ್ತು ಭೋಪಾಲದಲ್ಲಿ.

ಟ್ರೇಡ್‌ನಿಂದ ಪರವಾನಗಿಗೆ

ಚಾಲಕರ ದಾರಿ ಸಲೀಸು. ಸೇನೆಯ ಚಾಲನಾ ಪರವಾನಗಿಯನ್ನು ನಾಗರಿಕ ಪರವಾನಗಿಯಾಗಿ ಬದಲಾಯಿಸಿಕೊಳ್ಳಲು ಸಾರಿಗೆ ಇಲಾಖೆಯಲ್ಲಿ ವ್ಯವಸ್ಥೆಯಿದೆ. ಚಿಕ್ಕಬಳ್ಳಾಪುರದ ಕೆಎ 40, ಚಿಂತಾಮಣಿಯ ಕೆಎ 67 ಕಚೇರಿಗಳಲ್ಲೇ ಕೆಲಸ ಆಗುತ್ತದೆ. ಚಿಂತಾಮಣಿ ಟೊಮೇಟೊ, ಮಾವು, ತರಕಾರಿಗಳ ಮಾರುಕಟ್ಟೆಯ ಊರಾದ್ದರಿಂದ ಲಾರಿ ಚಾಲಕರಿಗೆ ಬೇಡಿಕೆ ಎಂದೂ ಇದ್ದದ್ದೇ, ಆದರೆ ಅಲ್ಲಿನ ಕೂಲಿ ಸುಗ್ಗಿಯೊಂದಿಗೆ ಏರಿ ಇಳಿಯುತ್ತದೆ. ಹೆಚ್ಚು ಸಂಬಳ ಸಿಗುವುದು ಗ್ಯಾಸ್ ಮತ್ತು ಇಂಧನ ಟ್ಯಾಂಕರ್‌ಗಳಲ್ಲಿ. ಅದಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮದಂತೆ ಅಪಾಯಕಾರಿ ಸರಕು ಸಾಗಣೆಯ ತರಬೇತಿ ಪಡೆದು, ಪರವಾನಗಿಯ ಮೇಲೆ ಅದನ್ನು ನಮೂದಿಸಿಕೊಳ್ಳಬೇಕು. ಹದಿನೈದು ವರ್ಷ ಹಿಮದ ಘಟ್ಟಗಳಲ್ಲಿ ಇಂಧನ ಸಾಗಿಸಿದವರಿಗೂ ಇದರಿಂದ ವಿನಾಯಿತಿ ಇಲ್ಲ.

ಎಂಜಿನಿಯರ್ ಕೋರ್‌ನಲ್ಲಿ ಬಡಗಿ, ಗಾರೆ ಕೆಲಸ, ಪ್ಲಂಬರ್, ಎಲೆಕ್ಟ್ರಿಷಿಯನ್, ಸರ್ವೇಯರ್, ಮಣ್ಣು ಅಗೆಯುವ ಯಂತ್ರಗಳ ಆಪರೇಟರ್ ಮುಂತಾದ ಕಸುಬುಗಳಿವೆ. ಕಲ್ಲುಗಣಿ, ಕ್ರಷರ್, ಬಡಾವಣೆಗಳ ಈ ಜಿಲ್ಲೆಯಲ್ಲಿ ಯಂತ್ರ ಆಪರೇಟರ್‌ಗೆ ಬಿಡುವೇ ಇಲ್ಲದಷ್ಟು ಕೆಲಸ ಸಿಗುತ್ತದೆ. ಆದರೆ ಸ್ಫೋಟಕಗಳನ್ನು ಬಲ್ಲ ಎಂಜಿನಿಯರ್ ಸೈನಿಕ, ಅಂದರೆ ಸ್ಯಾಪರ್‌ನ ಕಥೆ ಬೇರೆ, ಮತ್ತು ಅದನ್ನು ಇಲ್ಲಿ ಒತ್ತಿ ಹೇಳಲೇಬೇಕು. 2021ರ ಫೆಬ್ರವರಿ 23ರಂದು ಇದೇ ಜಿಲ್ಲೆಯ ಪೆರೇಸಂದ್ರದ ಬಳಿಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಗಣಿಯಲ್ಲಿ ಸಿಡಿತ ನಡೆಸುವವರಿಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಬ್ಲಾಸ್ಟರ್ ಪ್ರಮಾಣಪತ್ರ ಇರಲೇಬೇಕು. ಸೇನೆಯ ಡೆಮಾಲಿಷನ್ ತರಬೇತಿ ಅದಕ್ಕೆ ಬದಲಿಯಲ್ಲ. ಸೇತುವೆ ಉರುಳಿಸುವ ಲೆಕ್ಕವೇ ಬೇರೆ, ಕಲ್ಲು ಬಿಡಿಸುವ ಲೆಕ್ಕವೇ ಬೇರೆ. ಮಾಜಿ ಸೈನಿಕ ಎಂಬ ನಂಬಿಕೆಯ ಮೇಲೆ ಪ್ರಮಾಣಪತ್ರವಿಲ್ಲದವರ ಕೈಗೆ ಗಣಿ ಮಾಲೀಕರು ಮದ್ದು ಕೊಟ್ಟರೆ ಅದು ಅಪರಾಧ, ಜೀವಕ್ಕೂ ಅಪಾಯ.

ಇಎಂಇ ಕೋರ್‌ನ ಉಪಕರಣ ಮೆಕ್ಯಾನಿಕ್ ಮತ್ತು ಎಲೆಕ್ಟ್ರಿಷಿಯನ್‌ಗಳಿಗೆ ಶಿಡ್ಲಘಟ್ಟದಲ್ಲಿರುವ ಅವಕಾಶವನ್ನು ನಮ್ಮ ಊರಿನವರೇ ಸಾಕಷ್ಟು ಗಮನಿಸಿಲ್ಲ. ಚರಕ ಮತ್ತು ಕಾಟೇಜ್ ಬೇಸಿನ್‌ಗಳ ಜೊತೆಗೆ ಸ್ವಯಂಚಾಲಿತ ನೂಲು ಬಿಚ್ಚಾಣಿಕೆ ಯಂತ್ರಗಳು ಬಂದ ಮೇಲೆ ರೀಲಿಂಗ್ ಘಟಕದ ಸ್ವರೂಪವೇ ಬದಲಾಯಿತು. ಇನ್ನೂರು, ನಾನೂರು ಎಳೆಗಳ ಯಂತ್ರದಲ್ಲಿ ಪ್ರತಿ ಎಳೆಗೂ ದಪ್ಪ ನೋಡುವ ಪುಟ್ಟ ಸಾಧನವೊಂದಿರುತ್ತದೆ. ಗೂಡಿನ ಎಳೆ ತೆಳುವಾದ ಕೂಡಲೇ ಅದು ಅಲುಗಾಡಿ ಸೂಚನೆ ಕೊಡುತ್ತದೆ, ಬೆಂದ ಹೊಸ ಗೂಡು ಬಂದು ಸೇರಿಕೊಳ್ಳುತ್ತದೆ. ಆ ಸಾಧನದಲ್ಲಿ ಗೂಡಿನ ಅಂಟು ಕಟ್ಟಿಕೊಂಡರೆ ನೂಲು ಒಂದೆಡೆ ದಪ್ಪ, ಒಂದೆಡೆ ತೆಳು. ಹುರಿ ಮಾಡುವವರು ಬೆಲೆ ಇಳಿಸುತ್ತಾರೆ. ಯಂತ್ರ ಕೆಟ್ಟು ನಿಂತ ಹೊತ್ತಿನಲ್ಲೂ ಬೇಯಿಸಿದ ಗೂಡು ಕಾಯುವುದಿಲ್ಲ. ಬಿಸಿನೀರಿನ ಹಬೆಯಲ್ಲಿ, ಒದ್ದೆ ನೆಲದ ಮೇಲೆ ಮೋಟಾರು, ಗೇರು, ಸೂಕ್ಷ್ಮ ಸಾಧನಗಳನ್ನು ಒಟ್ಟಿಗೆ ನಿಭಾಯಿಸಬಲ್ಲವರು ಇಲ್ಲಿ ಬೇಕು. ರಣರಂಗದ ಉಪಕರಣವನ್ನು ಧೂಳು ಮತ್ತು ಚಳಿಯಲ್ಲಿ ರಿಪೇರಿ ಮಾಡಿದ ಕೈಗೆ ಇದು ಹೊಂದುವ ಕೆಲಸ. ಕಟ್ಟಡಗಳ ವೈರಿಂಗ್‌ಗೆ ಇಳಿಯುವವರಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಬೇಕು. ಹಬೆಗೆ ದೊಡ್ಡ ಬಾಯ್ಲರ್ ಇದ್ದರೆ ಅದನ್ನು ನಡೆಸಲು ಬಾಯ್ಲರ್ ಅಟೆಂಡೆಂಟ್ ಪ್ರಮಾಣಪತ್ರ ಬೇರೆಯೇ ಬೇಕು.

ವೈದ್ಯಕೀಯ ವಿಭಾಗದಲ್ಲಿ ಎಚ್ಚರ ಅಗತ್ಯ. ನರ್ಸಿಂಗ್ ಅಸಿಸ್ಟೆಂಟ್ ಆಗಿ ವರ್ಷಗಟ್ಟಲೆ ಗಾಯಾಳುಗಳನ್ನು ನೋಡಿಕೊಂಡವರೂ ಹೊರಬಂದ ಮೇಲೆ ತಾವಾಗಿಯೇ ನೋಂದಾಯಿತ ಶುಶ್ರೂಷಕರಾಗುವುದಿಲ್ಲ, ನರ್ಸಿಂಗ್ ಪರಿಷತ್ತು ಕೇಳುವುದು ಮಾನ್ಯತೆ ಪಡೆದ ಕೋರ್ಸನ್ನು. ಇದಕ್ಕೆ ತದ್ವಿರುದ್ಧ ಉದಾಹರಣೆ ಸಿಪಾಯಿ ಫಾರ್ಮಾ. ಈ ಹುದ್ದೆಗೆ ಡಿ.ಫಾರ್ಮ್ ಅಥವಾ ಬಿ.ಫಾರ್ಮ್ ಓದಿ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರನ್ನೇ ತೆಗೆದುಕೊಳ್ಳುತ್ತಾರೆ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಂಡರೆ ಸೇನೆಯಿಂದ ಬಂದ ಮರುದಿನವೇ ಔಷಧಿ ಅಂಗಡಿ ತೆರೆಯುವ ಅರ್ಹತೆ ಅವರ ಕೈಯಲ್ಲೇ ಇರುತ್ತದೆ.

ವಾಯುಪಡೆಯ ತಂತ್ರಜ್ಞರಿಗೆ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಚಿಕ್ಕಬಳ್ಳಾಪುರದಿಂದಲೇ ಓಡಾಡಿ ಕೆಲಸ ಮಾಡುವ ದಾರಿ ಆಯಿತು. ಆದರೆ ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕುವ ಪರವಾನಗಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳನ್ನು ಪಾಸು ಮಾಡಬೇಕು. ಸೇನೆಯ ಅನುಭವದ ಜೊತೆಗೆ ನಾಗರಿಕ ವಿಮಾನಗಳ ನಿರ್ವಹಣೆಯ ಅನುಭವವನ್ನೂ ಅದು ಕೇಳುತ್ತದೆ. ಗೌರಿಬಿದನೂರಿನಲ್ಲಿ 1976ರಿಂದ ನಡೆಯುತ್ತಿರುವ ರೇಡಿಯೊ ಖಗೋಳ ವೀಕ್ಷಣಾಲಯ ಎಲೆಕ್ಟ್ರಾನಿಕ್ಸ್ ಬಲ್ಲವರ ಕುತೂಹಲ ಕೆರಳಿಸುವಂಥದು, ಆದರೆ ಅಂಥ ಸಂಸ್ಥೆಗಳಲ್ಲಿ ಹುದ್ದೆಗಳು ಬೆರಳೆಣಿಕೆಯವು.

ಕ್ಲರ್ಕ್‌ಗಳ ಹಾದಿ ಮೀಸಲಾತಿಯದು. ಮಾಜಿ ಸೈನಿಕರಿಗೆ ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಬ್ಯಾಂಕು ಮತ್ತು ಸಾರ್ವಜನಿಕ ಉದ್ಯಮಗಳ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 14.5, ಕರ್ನಾಟಕ ಸರ್ಕಾರದ ನೇಮಕಾತಿಯಲ್ಲಿ ಶೇ. 10 ಮೀಸಲಿದೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮುಗಿಸಿದವರನ್ನು, ತಾಂತ್ರಿಕವಲ್ಲದ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರ ಸಮಾನವೆಂದು ಪರಿಗಣಿಸಲು ಅವಕಾಶವಿದೆ. ಜನರಲ್ ಡ್ಯೂಟಿಯವರಿಗೆ ಸಾಮಾನ್ಯವಾಗಿ ಸಿಗುವುದು ಭದ್ರತಾ ಕಾವಲು, ಬ್ಯಾಂಕಿನ ಗನ್‌ಮನ್ ಕೆಲಸ, ಪೊಲೀಸ್ ನೇಮಕಾತಿ.

ಮಹಿಳೆಯರು

ಮಿಲಿಟರಿ ಪೊಲೀಸ್ ಕೋರ್‌ಗೆ ಸೇರಿದ ಮೊದಲ ಮಹಿಳಾ ತಂಡ, 83 ಮಂದಿ, 2021ರ ಮೇ 8ರಂದು ಬೆಂಗಳೂರಿನ ಕೇಂದ್ರದಲ್ಲಿ ತರಬೇತಿ ಮುಗಿಸಿತು. ಸಂಚಾರ ನಿಯಂತ್ರಣ, ತನಿಖೆ, ಕಾವಲು ಇವರ ಕೆಲಸವಾದ್ದರಿಂದ ನಾಗರಿಕ ಪೊಲೀಸ್ ಸೇವೆ ಇದಕ್ಕೆ ಹತ್ತಿರದ್ದು.

ಅಗ್ನಿಪಥದ ನಂತರ

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಈ ಲೆಕ್ಕಾಚಾರವನ್ನೇ ಬದಲಿಸಿತು. ಸೇವೆ ನಾಲ್ಕು ವರ್ಷ. ಆ ಮೇಲೆ ಗರಿಷ್ಠ ಶೇ. 25 ಮಂದಿ ಕಾಯಂ. ಉಳಿದವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಮತ್ತು ಕೌಶಲ ಪ್ರಮಾಣಪತ್ರ ಸಿಗುತ್ತದೆ, ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ. 10 ಮೀಸಲಾತಿಯನ್ನು ಆಗಲೇ ಘೋಷಿಸಲಾಯಿತು. ಪದವಿಗಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ವಿಶೇಷ ಕೋರ್ಸ್ ಇದೆ. ಆದರೆ 15 ವರ್ಷ ಸೇವೆಯಿಂದ ಬರುತ್ತಿದ್ದ ಪದವಿ ಸಮಾನತೆ ನಾಲ್ಕು ವರ್ಷಕ್ಕೆ ದಕ್ಕುವುದಿಲ್ಲ. ಹಿಂದೆ ಟ್ರೇಡ್ ತಪ್ಪಿದರೂ ಪಿಂಚಣಿ ಕೈ ಹಿಡಿಯುತ್ತಿತ್ತು. ಈಗ ಇಪ್ಪತ್ತೊಂದು, ಇಪ್ಪತ್ತೈದರ ವಯಸ್ಸಿನಲ್ಲಿ ಮನೆಗೆ ಬರುವವರಿಗೆ ಟ್ರೇಡೇ ಆಸ್ತಿ.

ಬಿಡುಗಡೆಯ ಹೊತ್ತಿನಲ್ಲಿ ಕೈಗೆ ಬರುವ ದಾಖಲೆಗಳಲ್ಲಿ ಟ್ರೇಡ್‌ನ ಹೆಸರು, ಮಾಡಿದ ಕೋರ್ಸ್‌ಗಳು, ನಡೆಸಿದ ವಾಹನ ಮತ್ತು ಯಂತ್ರಗಳ ವಿವರ ಸರಿಯಾಗಿ ನಮೂದಾಗಿವೆಯೇ ಎಂದು ಘಟಕದಲ್ಲಿ ಇರುವಾಗಲೇ ನೋಡಿಕೊಳ್ಳಬೇಕು. ಊರಿಗೆ ಬಂದ ಮೇಲೆ ತಿದ್ದಿಸಲು ತಿಂಗಳುಗಳು ಹಿಡಿಯುತ್ತವೆ. ಅಗ್ನಿಪಥದಡಿ ಸೇರಿದ ಮೊದಲ ತಂಡದ ಅಗ್ನಿವೀರರ ತರಬೇತಿ 2022ರ ಕೊನೆ ಮತ್ತು 2023ರ ಆರಂಭದಲ್ಲಿ ಶುರುವಾಗಿದ್ದರಿಂದ, ಅವರ ನಾಲ್ಕು ವರ್ಷಗಳು 2026ರ ಕೊನೆಯಿಂದ ತುಂಬುತ್ತವೆ.