ಮಿತ್ರನಿಗಿತ್ತ ಬಂದೂಕು

ಆಯುಧವನ್ನು ಕಾಣಿಕೆಯಾಗಿ ಕೊಡುವ ವಾಡಿಕೆಯು ಅತಿ ಪ್ರಾಚೀನವಾದುದು. ಅಗಸ್ತ್ಯನು ಶ್ರೀರಾಮನಿಗೆ ಧನುಸ್ಸನ್ನಿತ್ತುದನ್ನೂ, ಅಗ್ನಿಯು ವರುಣನಿಂದ ಗಾಂಡೀವವನ್ನು ತರಿಸಿ ಅರ್ಜುನನ ಕೈಸೇರಿಸಿದುದನ್ನೂ ವಾಚಕರು ಬಲ್ಲರು. ಆ ಕಥೆಗಳಲ್ಲಿ ಆಯುಧವು ಮುಂದೆ ಆಗಬೇಕಾದ ಕಾರ್ಯಕ್ಕಾಗಿ ದೊರೆಯುವುದು. ಆಗಿಹೋದ ಕಾರ್ಯವೊಂದರ ನೆನಪಿಗಾಗಿ, ಸ್ನೇಹವೊಂದನ್ನೇ ನಿಮಿತ್ತವಾಗಿಟ್ಟುಕೊಂಡು, ಒಬ್ಬನು ತನ್ನ ಮಿತ್ರನಿಗೆ ಬಂದೂಕನ್ನು ಆರಿಸಿ ಕೊಟ್ಟುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ಒಂದು ಪ್ರಸಿದ್ಧವಾದ ಉದಾಹರಣೆಯುಂಟು. ಅದು ೧೮೮೬ನೆಯ ಮಾದರಿಯ ವಿಂಚೆಸ್ಟರ್ ರೈಫಲು. ಅದರ ಕ್ರಮಸಂಖ್ಯೆ ೧. ಕೊಟ್ಟವನು ಜಾರ್ಜ್ ಆಲ್ಬಿ, ಪಡೆದವನು ಹೆನ್ರಿ ಲಾಟನ್.

ಈ ಕಾಣಿಕೆಯ ಬೆಲೆ ತಿಳಿಯಬೇಕಾದರೆ ಸನ್ನೆಯ ರೈಫಲೆಂಬ ಯಂತ್ರದ ವೃತ್ತಾಂತವನ್ನು ಸ್ವಲ್ಪ ಅರಿತಿರಬೇಕು. ಇದರ ಹಿಡಿಯ ಕೆಳಗೆ ಬೆರಳುಗಳು ತೂರುವಂತೆ ಬಳೆಯಾಕಾರದ ಒಂದು ಸನ್ನೆಯಿರುವುದು. ಅದನ್ನು ಕೆಳಕ್ಕೆ ದೂಡಿ ಮತ್ತೆ ಮೇಲಕ್ಕೆಳೆದರೆ, ಸುಟ್ಟ ತೋಟೆಯ ಬರಿಯ ಚಿಪ್ಪು ಹೊರಕ್ಕೆ ಹಾರಿ, ಕುದುರೆಯು ಹಿಂದಕ್ಕೇರಿ, ನಳಿಗೆಯ ಕೆಳಗಣ ಕೊಳವೆಯಲ್ಲಿ ಸಾಲಾಗಿ ಕುಳಿತಿರುವ ತೋಟೆಗಳಲ್ಲೊಂದು ಮೇಲೆ ಬಂದು ನಳಿಗೆಯನ್ನು ಸೇರುವುದು. ಇದಕ್ಕಾಗಿ ಬಂದೂಕನ್ನು ಹೆಗಲಿನಿಂದ ಇಳಿಸಬೇಕಾದುದಿಲ್ಲ. ಒಂದೇ ಗುಂಡಿಗೆ ಬೀಳದೆ ನೆಗೆದೋಡುವ ಜಿಂಕೆಯ ಬೆನ್ನು ಹತ್ತಿದ ಬೇಟೆಗಾರನಿಗೆ ಇದೆಷ್ಟು ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ.

೧೮೬೦ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿಯೆಂಬ ಕುಶಲನು ಇಂಥ ರೈಫಲೊಂದಕ್ಕೆ ಸನ್ನದು ಪಡೆದನು. ಅವನ ಯಜಮಾನನಾದ ಆಲಿವರ್ ವಿಂಚೆಸ್ಟರನು ಅದಕ್ಕೆ ಮೊದಲು ನ್ಯೂ ಹೇವನ್ ಪಟ್ಟಣದಲ್ಲಿ ಅಂಗಿಗಳನ್ನು ತಯಾರಿಸಿ ಮಾರುತ್ತಿದ್ದ ವರ್ತಕನು. ಅಂಗಿ ಹೊಲಿಸುತ್ತಿದ್ದವನ ಹೆಸರು ಬಂದೂಕಿಗೆ ಪರ್ಯಾಯವಾಗಿ ನಿಂತುದು ಕಾಲದ ವಿನೋದವಲ್ಲದೆ ಮತ್ತೇನು! ಅಂತಃಕಲಹದ ಕಾಲದಲ್ಲಿ ಈ ಕಂಪನಿಯವರು ಹೊನ್ನಿನ ಕೆಲಸ ಮಾಡಿಸಿದ ಹೆನ್ರಿ ರೈಫಲೊಂದನ್ನು ಅಧ್ಯಕ್ಷನಾದ ಅಬ್ರಹಾಂ ಲಿಂಕನ್ನನಿಗೆ ಅರ್ಪಿಸಿದರು. ೬ನೆಯ ಸಂಖ್ಯೆಯ ಆ ಬಂದೂಕು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಆದರೆ ಅದು ಸರ್ಕಾರದಿಂದ ಸೈನ್ಯಕ್ಕೆ ಬೇಕಾದ ಬಂದೂಕುಗಳ ಗುತ್ತಿಗೆಯನ್ನು ಬಯಸಿದವರ ಕಾಣಿಕೆ. ಪ್ರತಿಫಲವನ್ನು ಎದುರುನೋಡಿ ಕೊಟ್ಟುದನ್ನು ನಮ್ಮ ಹಿರಿಯರು ಉತ್ತಮ ದಾನವೆಂದು ಎಣಿಸಲಿಲ್ಲ.

ಹೆನ್ರಿಯ ಯಂತ್ರದಲ್ಲಿ ಒಂದು ಕೊರತೆಯಿದ್ದಿತು. ನಳಿಗೆಯ ಹಿಂಬದಿಯನ್ನು ಮುಚ್ಚುತ್ತಿದ್ದುದು ಮೊಣಕಾಲಿನಂತೆ ಮಡಚಿ ನೀಳವಾಗುವ ಒಂದು ಕೀಲು. ಸಣ್ಣ ತೋಟೆಗಳಿಗೆ ಅದು ಸಾಕಾಗಿದ್ದಿತು. ೧೮೬೬ ಮತ್ತು ೧೮೭೩ರ ಮಾದರಿಗಳು ಅದರಿಂದಲೇ ಹೆಸರಾದುವು. ಆದರೆ ಸೈನ್ಯದವರು ಬಳಸುತ್ತಿದ್ದ ತೋಟೆ ದೊಡ್ಡದು. ಅದರಲ್ಲಿ ೭೦ ಗ್ರೇನು ಕರಿಮದ್ದು. ಗುಂಡಿನ ಅಡ್ಡಳತೆ ಅಂಗುಲದ ನೂರರಲ್ಲಿ ೪೫ ಪಾಲು. ಅದನ್ನು ಹಾರಿಸಲು ಸಿಪಾಯಿಗಳಿಗೆ ಕೊಟ್ಟಿದ್ದುದು ಒಂದೊಂದೇ ತೋಟೆಯನ್ನು ಕೈಯಿಂದ ತುಂಬಬೇಕಾದ ಸ್ಪ್ರಿಂಗ್‌ಫೀಲ್ಡ್ ಬಂದೂಕು. ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ ಕಮ್ಮಟ ನಡೆಸುತ್ತಿದ್ದ, ಇನ್ನೂ ಮೂವತ್ತರೊಳಗಿನ ಜಾನ್ ಮೋಸಸ್ ಬ್ರೌನಿಂಗನು ಮೊಣಕಾಲಿನ ಕೀಲನ್ನು ಬಿಟ್ಟು, ಬಾಗಿಲಿಗೆ ಅಗುಳಿ ಹಾಕಿದಂತೆ ಎರಡು ಉಕ್ಕಿನ ಪಟ್ಟಿಗಳು ಕೆಳಗಿನಿಂದ ಮೇಲಕ್ಕೇರಿ ಬಂಧಿಸುವ ಏರ್ಪಾಡನ್ನು ಕಲ್ಪಿಸಿದನು. ೧೮೮೪ರಲ್ಲಿ ಸನ್ನದು ದೊರೆಯಿತು. ವಿಂಚೆಸ್ಟರ್ ಕಂಪನಿಯು ಅದನ್ನು ಕೊಂಡು ೧೮೮೬ರ ಮಾದರಿಯನ್ನು ಹೊರತಂದಿತು. ಸೈನ್ಯದ ತೋಟೆಯನ್ನು ಸನ್ನೆಯ ವೇಗದಲ್ಲಿ ಹಾರಿಸಬಲ್ಲ ವಿಂಚೆಸ್ಟರ್ ಇದೇ ಮೊದಲನೆಯದು.

ಇನ್ನು ಆ ಇಬ್ಬರು ಮಿತ್ರರ ವಿಷಯ. ಲಾಟನ್ನನೂ ಆಲ್ಬಿಯೂ ಅಂತಃಕಲಹದ ತರುವಾಯ ೪೧ನೆಯ ಪದಾತಿದಳದಲ್ಲಿ ಅಧಿಕಾರಿಗಳಾಗಿದ್ದರು. ಅದು ಕರಿಯ ಸಿಪಾಯಿಗಳ ದಳ. ಲಾಟನ್ನನು ೧೮೬೪ರಲ್ಲಿ ಅಟ್ಲಾಂಟಾದೆದುರಿನ ಕಾಳಗಕ್ಕಾಗಿಯೂ, ಆಲ್ಬಿಯು ೧೮೬೯ರಲ್ಲಿ ಟೆಕ್ಸಾಸಿನ ಬ್ರಾಸೋಸ್ ನದಿಯ ಬಳಿಯ ಸಾಹಸಕ್ಕಾಗಿಯೂ ಆ ದೇಶದ ಅತ್ಯುನ್ನತ ಶೌರ್ಯಪದಕವನ್ನು ಪಡೆದವರು. ಲಾಟನ್ನನು ಅಶ್ವದಳವನ್ನು ಸೇರಿದನು. ಆಲ್ಬಿಯು ಸೈನ್ಯದಿಂದ ನಿವೃತ್ತನಾದ ಮೇಲೆ ವಿಂಚೆಸ್ಟರ್ ಕಂಪನಿಯಲ್ಲಿ ಉದ್ಯೋಗಕ್ಕೆ ನಿಂತನು. ಲಾಟನ್ನನು ಆರಡಿಯನ್ನು ಮೀರಿದ ಆಳು. ಸುಮಾರು ಒಂಬತ್ತು ಪೌಂಡು ತೂಗುವ ಈ ಮಾದರಿಯು ಬೇರೊಬ್ಬನಿಗೆ ಹೊರೆಯಾದೀತು, ಅವನಿಗಾಗದು. ಮಾದರಿಯ ಮೊತ್ತಮೊದಲನೆಯ ಸಂಖ್ಯೆಯದನ್ನೇ ಎತ್ತಿಕೊಡುವುದು ಕಂಪನಿಯೊಳಗೆ ಇದ್ದವನಿಗಲ್ಲದೆ ಸಾಧ್ಯವಿರಲಿಲ್ಲ. ಅದರ ಮೇಲೆ ಕೆತ್ತಿಸಿದುದು ಮೂರೇ ಮಾತು: ಆಲ್ಬಿಯಿಂದ ಲಾಟನ್ನನಿಗೆ, ಎಂದಿಷ್ಟೆ. ನಮ್ಮ ದಾನಶಾಸನಗಳಲ್ಲಿ ದಾತೃವಿನ ವಂಶಾವಳಿ, ಬಿರುದು, ಭೂಮಿಯ ಎಲ್ಲೆ, ಕಡೆಗೆ ಶಾಪವಾಕ್ಯ ಎಲ್ಲವೂ ಇರುವುವು. ಈ ಮಿತಭಾಷಣವು ನನಗೆ ಮೆಚ್ಚಿಗೆಯಾಯಿತು.

ಆದರೆ ಯಾವ ಕಾರ್ಯದ ನೆನಪಿಗೆ ಈ ಕಾಣಿಕೆ? ಅಪಾಚೆ ಜನಾಂಗದ ಜೆರೊನಿಮೋ ೧೮೮೬ರಲ್ಲಿ ಸೆರೆಯಾದುದರ ನೆನಪಿಗೆ. ದಾನಕ್ಕೆ ದೇಶ, ಕಾಲ, ಪಾತ್ರಗಳೆಂಬ ಮೂರು ಪರೀಕ್ಷೆಗಳುಂಟಷ್ಟೆ. ಮೊದಲೆರಡರಲ್ಲಿ ಆಕ್ಷೇಪವಿಲ್ಲ, ಮೂರನೆಯದರಲ್ಲಿ ಚರಿತ್ರೆಯು ನಮ್ಮನ್ನು ತಡೆದು ನಿಲ್ಲಿಸುವುದು.

ಜೆರೊನಿಮೋ ಮತ್ತು ಕುಲನಾಯಕನಾದ ನೈಚೆ ಇವರೊಡನೆ ಆ ಬೇಸಗೆಯಲ್ಲಿ ಇದ್ದವರು ಹೆಂಗಸರು ಮಕ್ಕಳು ಸೇರಿ ನಲವತ್ತು ಜನರೂ ಇಲ್ಲ. ಅವರನ್ನು ಹಿಡಿಯಲು ಜನರಲ್ ಮೈಲ್ಸನ ಕೈಕೆಳಗೆ ಸುಮಾರು ೫,೦೦೦ ಸೈನಿಕರು. ಲಾಟನ್ನನು ಮೇ ತಿಂಗಳಿನಿಂದ ಮೆಕ್ಸಿಕೋದ ಸೊನೋರಾ ಪರ್ವತಗಳಲ್ಲಿ ಬಿಸಿಲು, ಮಳೆ, ಬಾಯಾರಿಕೆಗಳನ್ನು ಸಹಿಸಿ ಅವರ ಬೆನ್ನಟ್ಟಿದನು. ಅವರಿಗೆ ನಿಲ್ಲಲು ಎಡೆ ಕೊಡಲಿಲ್ಲವೆಂಬುದು ನಿಜ, ಹಿಡಿದನೆಂಬುದು ನಿಜವಲ್ಲ. ಆಗಸ್ಟ್ ತಿಂಗಳ ಕೊನೆಯಲ್ಲಿ ಜೆರೊನಿಮೋವಿನ ಎದುರು ಹೋಗಿ ಕುಳಿತು ಮಾತನಾಡಿದವನು ಲೆಫ್ಟಿನೆಂಟ್ ಚಾರ್ಲ್ಸ್ ಗೇಟ್‌ವುಡ್. ಅವನಿಗಿಂತಲೂ ಮುಂದಾಗಿ, ಗುಂಡಿಗೆ ಎದೆಯೊಡ್ಡಿ ಬೆಟ್ಟವನ್ನೇರಿ ಸುದ್ದಿ ಮುಟ್ಟಿಸಿದವರು ಅಪಾಚೆಯವರೇ ಆದ ಕಯಿತಾ ಮತ್ತು ಮಾರ್ಟಿನ್ ಎಂಬ ಇಬ್ಬರು. ನಿಮ್ಮ ಬಂಧುಗಳನ್ನೆಲ್ಲ ಫ್ಲಾರಿಡಾಕ್ಕೆ ಸಾಗಿಸಲಾಗುವುದೆಂಬ ಮಾತು ಕೇಳಿ ಆ ದಣಿದ ಜನರ ಮನಸ್ಸು ಕುಸಿಯಿತು. ಸೆಪ್ಟೆಂಬರ್ ೪ರಂದು ಅರಿಜೋನಾದ ಸ್ಕೆಲಿಟನ್ ಕಣಿವೆಯಲ್ಲಿ ಜೆರೊನಿಮೋ ಮೈಲ್ಸನಿಗೆ ಶರಣಾದನು.

ಇದಕ್ಕೆ ದೊರೆತ ಫಲಗಳನ್ನು ನೋಡಿರಿ. ಗೇಟ್‌ವುಡ್ಡನು ೧೮೯೬ರಲ್ಲಿ ಲೆಫ್ಟಿನೆಂಟನಾಗಿಯೇ ಸತ್ತನು. ಕಯಿತಾ ಮಾರ್ಟಿನ್ನರನ್ನು, ತಾವು ಕರೆತಂದವರ ಜತೆಯಲ್ಲಿಯೇ, ಸೆರೆಯಾಳುಗಳಾಗಿ ಫ್ಲಾರಿಡಾಕ್ಕೆ ಕಳುಹಿಸಿದರು. ಸೈನ್ಯಕ್ಕೆ ದಾರಿ ತೋರಿಸಿದ ಇತರ ಅಪಾಚೆ ಬೇಹುಗಾರರಿಗೂ ಅದೇ ಗತಿ. ಜೆರೊನಿಮೋ ೧೯೦೯ರಲ್ಲಿ ಸೆರೆಯಲ್ಲಿಯೇ ತೀರಿಕೊಂಡನು. ಉಳಿದವರಿಗೆ ಬಿಡುಗಡೆ ದೊರೆತುದು ೧೯೧೩ರಲ್ಲಿ. ಇಪ್ಪತ್ತೇಳು ವರ್ಷ! ಹೆಸರು ಕೆತ್ತಿಸಿದ ಬಂದೂಕು ಇವರಾರಿಗೂ ಬರಲಿಲ್ಲ.

ಹಾಗೆಂದು ಆಲ್ಬಿಯನ್ನು ದೂರುವುದು ನ್ಯಾಯವಲ್ಲ. ಅವನು ಚರಿತ್ರೆಯನ್ನು ಬರೆಯಲು ಕುಳಿತವನಲ್ಲ, ಕಾಡುಮೇಡುಗಳಲ್ಲಿ ಜೀವವನ್ನು ತೇದು ಹಿಂದಿರುಗಿದ ಹಳೆಯ ಒಡನಾಡಿಗೆ ತನ್ನ ಕೈಯಲ್ಲಿದ್ದುದರಲ್ಲಿ ಶ್ರೇಷ್ಠವಾದುದನ್ನು ಕೊಟ್ಟವನು. ಆ ಬಂದೂಕನ್ನೇ ಸಾಕ್ಷಿಯಾಗಿಟ್ಟುಕೊಂಡು, ಜೆರೊನಿಮೋವನ್ನು ಹಿಡಿದವನು ಲಾಟನ್ನನೇ ಎಂದು ಹೇಳಿಕೊಂಡು ಬಂದವರಲ್ಲಿದೆ ತಪ್ಪು. ಸ್ನೇಹದ ಓಲೆಯನ್ನು ಶಾಸನವೆಂದು ಓದಬಾರದು.

ಇದೇ ಬ್ರೌನಿಂಗನ ೧೮೯೪ರ ಹಗುರವಾದ ಮಾದರಿಯು ಆ ದೇಶದ ಜಿಂಕೆಯ ಬೇಟೆಗಾರರ ಮನೆಮಾತಾಯಿತು. ೭೦ ಲಕ್ಷಕ್ಕೂ ಮೀರಿ ತಯಾರಾದ ಆ ರೈಫಲಿನ ಹತ್ತು ಲಕ್ಷದನೆಯದನ್ನು ೧೯೨೭ರಲ್ಲಿ ಅಧ್ಯಕ್ಷನಾದ ಕೂಲಿಜ್‌ಗೆ ಅರ್ಪಿಸಿದರು. ಅದೂ ಕಂಪನಿಯ ಕಾಣಿಕೆಯೇ. ನ್ಯೂ ಹೇವನ್ನಿನ ಕಾರ್ಖಾನೆಯು ೨೦೦೬ರಲ್ಲಿ ಮುಚ್ಚಿತು.

ಲಾಟನ್ನನು ಜನರಲ್ ಪದವಿಗೇರಿ, ೧೮೯೯ರ ಡಿಸೆಂಬರ್ ೧೯ರಂದು ಫಿಲಿಪೈನ್ ದ್ವೀಪಗಳ ಸಾನ್ ಮಾತೆಯೋ ಎಂಬಲ್ಲಿ ಗುಂಡು ತಗಲಿ ಮಡಿದನು. ಅಲ್ಲಿ ಎದುರು ಪಕ್ಷದ ಸೇನಾನಾಯಕನ ಹೆಸರು ಲಿಸೆರಿಯೋ ಜೆರೊನಿಮೋ. ಕವಿಯೊಬ್ಬನು ಹೀಗೆ ಕಲ್ಪಿಸಿದ್ದರೆ ಅಸಂಭಾವ್ಯವೆಂದು ತಳ್ಳಿಬಿಡುತ್ತಿದ್ದೆವು. ಆಲ್ಬಿಯು ಕೊಟ್ಟ ಬಂದೂಕು ೨೦೧೬ರ ಹರಾಜಿನಲ್ಲಿ ೧೨ ಲಕ್ಷ ೬೫ ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಶರಣಾದ ದಿನ ಅಪಾಚೆಯ ಜೆರೊನಿಮೋವಿನ ಬಳಿಯಲ್ಲಿದ್ದುದೂ ಸನ್ನೆಯ ವಿಂಚೆಸ್ಟರೇ. ಅದು ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದ ಸಂಗ್ರಹವನ್ನು ಸೇರಿತು.