ನಿಲುಗಡೆ ಶುಲ್ಕದ ಬಾಕಿ ಮತ್ತು ಏಕಪಕ್ಷೀಯ ಡಿಕ್ರಿ

ಪ್ರತಿವಾದಿ ಹಾಜರಾಗದಿದ್ದಾಗ ವಾದಿಯ ಸಾಕ್ಷ್ಯವನ್ನಷ್ಟೇ ನೋಡಿ ಸಿವಿಲ್ ನ್ಯಾಯಾಲಯ ಕೊಡುವ ಡಿಕ್ರಿಯೇ ಏಕಪಕ್ಷೀಯ ಡಿಕ್ರಿ. ವಾಹನ ನಿಲುಗಡೆ ಶುಲ್ಕದಂಥ ಸಣ್ಣ ಬಾಕಿಯ ದಾವೆಗಳಲ್ಲಿ ಇದರ ಸಂಭವ ಹೆಚ್ಚು. ಮೊತ್ತ ಚಿಕ್ಕದು, ವಾಹನದವರು ಬೇರೆ ಊರಿನವರು, ನೋಟಿಸು ಬಂದರೂ ಕಡೆಗಣಿಸುವವರೇ ಬಹಳ. ಡಿಕ್ರಿ ಆಗಿದೆಯೆಂದು ತಿಳಿದವರು ಸಾಮಾನ್ಯವಾಗಿ ಮೊದಲು ಎತ್ತುವುದು ಶುಲ್ಕ ನ್ಯಾಯವೋ ಅನ್ಯಾಯವೋ ಎಂಬ ಮಾತನ್ನು. ಕಾನೂನಿನ ಕ್ರಮ ಬೇರೆ. ಸಮನ್ಸು ಸರಿಯಾಗಿ ಜಾರಿಯಾಗಿತ್ತೇ, ಆಗಿದ್ದರೆ ಗೈರುಹಾಜರಿಗೆ ತಕ್ಕ ಕಾರಣವಿತ್ತೇ ಎಂಬುದು ಮೊದಲ ಪ್ರಶ್ನೆ. ಅದನ್ನು ದಾಟಿದ ಮೇಲೆಯೇ ಶುಲ್ಕದ ವಾದಕ್ಕೆ ಬಾಗಿಲು ತೆರೆಯುತ್ತದೆ. ಭಾರತದಲ್ಲಿ ವಾಹನದವರ ಕೈಯಲ್ಲಿರುವ ಸಮರ್ಥನೆ ಬಲವಾದದ್ದು. ಅದನ್ನು ಕಾಲಮಿತಿಯೊಳಗೆ, ನ್ಯಾಯಾಲಯದ ಮುಂದೆ ಹೇಳದಿದ್ದರೆ ಮಾತ್ರ ಅದರಿಂದ ಏನೂ ಪ್ರಯೋಜನವಿಲ್ಲ.

ಯಾವ ಶುಲ್ಕ, ಯಾರಿಗೆ ಬಾಕಿ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ನಿಲುಗಡೆಯ ಪ್ರಶ್ನೆ ಬಗೆಬಗೆಯಾಗಿ ಏಳುತ್ತದೆ. ಅರಸೀಕೆರೆ ರೈಲ್ವೆ ಜಂಕ್ಷನ್. ಬೈಕು ನಿಲ್ಲಿಸಿ ರೈಲು ಹತ್ತುವವರು ಅಲ್ಲಿ ದಿನವೂ ಇರುತ್ತಾರೆ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು ಸೋಮನಾಥಪುರದ ದೇವಾಲಯದೊಂದಿಗೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿಗೆ ದೂರದೂರುಗಳಿಂದ ಕಾರು, ಬಸ್ಸುಗಳು ಬರುತ್ತವೆ. ಇಂಥ ಊರುಗಳಲ್ಲಿ ವಾಹನದವರಿಂದ ಕೇಳುವ ಹಣದಲ್ಲಿ ಮೂರು ಬಗೆಯನ್ನು ಬೇರ್ಪಡಿಸಬೇಕು. ರಸ್ತೆಯಲ್ಲಿ ಅಡ್ಡಾದಿಡ್ಡಿ ನಿಲ್ಲಿಸಿದ್ದಕ್ಕೆ ಪೊಲೀಸರು ಹಾಕುವುದು 1988ರ ಮೋಟಾರು ವಾಹನ ಅಧಿನಿಯಮದ ದಂಡ. ಅದು ಸಿವಿಲ್ ಸಾಲವಲ್ಲ. ಸ್ಥಳೀಯ ಸಂಸ್ಥೆ ವಸೂಲಿ ಮಾಡುವ ಶುಲ್ಕಕ್ಕೆ ಶಾಸನದ ಬಲ ಬೇಕು. ಗುತ್ತಿಗೆದಾರ ಅಥವಾ ಜಾಗದ ಮಾಲೀಕ ಚೀಟಿ ಹರಿದುಕೊಟ್ಟು ಕೇಳುವ ಹಣ ಕರಾರಿನಿಂದ ಹುಟ್ಟಿದ್ದು. ಏಕಪಕ್ಷೀಯ ಡಿಕ್ರಿಯ ಪ್ರಶ್ನೆ ಮುಖ್ಯವಾಗಿ ಬರುವುದು ಈ ಮೂರನೆಯದರಲ್ಲಿ.

ನಮ್ಮಲ್ಲಿ ಶುಲ್ಕವನ್ನು ಸ್ಥಳದಲ್ಲೇ ವಸೂಲಿ ಮಾಡುವುದು ರೂಢಿಯಾದ್ದರಿಂದ ಇಂಥ ದಾವೆಗಳು ಅಪರೂಪ. ಆದರೂ ತಿಂಗಳ ಪಾಸಿನ ಬಾಕಿ, ವಾಣಿಜ್ಯ ಸಂಕೀರ್ಣದ ನಿಲುಗಡೆ ಬಾಕಿ, ಹಲವು ವಾಹನಗಳಿರುವ ಟ್ರಾವೆಲ್ಸ್‌ನವರ ಲೆಕ್ಕ ನ್ಯಾಯಾಲಯಕ್ಕೆ ಹೋಗಲು ಅಡ್ಡಿಯೇನೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮಿನಂತೆ ಪ್ರತಿವಾದಿ ವಾಸಿಸುವ ಕಡೆ ಮಾತ್ರವಲ್ಲ, ವ್ಯಾಜ್ಯಕಾರಣ ಹುಟ್ಟಿದ ಕಡೆಯೂ ದಾವೆ ಹೂಡಬಹುದು. ಹಳೇಬೀಡು ಬೇಲೂರು ತಾಲ್ಲೂಕಿಗೆ ಸೇರಿದ್ದು. ಅಲ್ಲಿ ಕಾರು ನಿಲ್ಲಿಸಿ ಹೋದ ಬೆಂಗಳೂರಿನವರ ಮೇಲೆ ಬೇಲೂರಿನಲ್ಲೇ ದಾವೆ ಹಾಕಲು ಅವಕಾಶವಿದೆ ಎಂದಾಯಿತು.

ಮೊತ್ತಕ್ಕೆ ಕಾನೂನಿನ ಮಿತಿ

ಚೀಟಿಯ ಹಿಂದೆ ಅಥವಾ ಫಲಕದ ಮೇಲೆ ಹತ್ತುಪಟ್ಟು ದಂಡವೆಂದು ಬರೆದ ಮಾತ್ರಕ್ಕೆ ಅಷ್ಟೂ ಹಣ ಸಲ್ಲುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ನಮೂದಿಸಿದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವನ್ನಷ್ಟೇ ನ್ಯಾಯಾಲಯ ಕೊಡಿಸಬಹುದು. ಫತೇಚಂದ್ ಮೊಕದ್ದಮೆಯಲ್ಲಿ 1963ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಹೇಳಿತು. 2015ರಲ್ಲಿ ಕೈಲಾಸನಾಥ ಅಸೋಸಿಯೇಟ್ಸ್ ಮೊಕದ್ದಮೆಯಲ್ಲಿ, ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲವೆಂದು ಸ್ಪಷ್ಟಪಡಿಸಿತು. ಇಂಗ್ಲೆಂಡು ಬೇರೆ ದಾರಿ ಹಿಡಿಯಿತು. ಎರಡು ಗಂಟೆ ಉಚಿತವಾಗಿದ್ದ ಜಾಗದಲ್ಲಿ 56 ನಿಮಿಷ ಹೆಚ್ಚು ನಿಂತದ್ದಕ್ಕೆ 85 ಪೌಂಡು ಕೇಳಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ಪಾರ್ಕಿಂಗ್‌ಐ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಜಾಗದ ಸರದಿ ಕಾಯ್ದುಕೊಳ್ಳುವ ನ್ಯಾಯವಾದ ಹಿತಾಸಕ್ತಿ ಅದರ ಹಿಂದಿದೆ ಎಂಬುದು ಕಾರಣ. ಚಾಲಕ ಯಾರೆಂದು ತಿಳಿಯದಾಗ ವಾಹನ ಇಟ್ಟುಕೊಂಡವರನ್ನೇ ಹೊಣೆ ಮಾಡುವ ಕಾಯ್ದೆಯೂ ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ 2012ರಿಂದ ಇದೆ. ನಮ್ಮಲ್ಲಿ ಖಾಸಗಿ ಶುಲ್ಕಕ್ಕೆ ಕರಾರೇ ಆಧಾರ. ಚೀಟಿ ಪಡೆದು ವಾಹನ ನಿಲ್ಲಿಸಿದ್ದು ಮಗನೋ ಬಾಡಿಗೆ ಚಾಲಕನೋ ಆಗಿದ್ದರೆ, ಆರ್‌ಸಿಯಲ್ಲಿ ಹೆಸರಿದ್ದವರು ಆ ಕರಾರಿಗೆ ಹೇಗೆ ಬದ್ಧರೆಂದು ವಾದಿ ತೋರಿಸಬೇಕು. ವಿಪರೀತ ದಂಡ ಹೇರುವ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವೂ ಅನ್ಯಾಯದ ಕರಾರುಗಳ ಸಾಲಿಗೆ ಸೇರಿಸಿದೆ. ಇವೆಲ್ಲ ಗಟ್ಟಿ ಸಮರ್ಥನೆಗಳೇ. ಆದರೆ ಹಾಜರಾಗದವರ ಪರವಾಗಿ ಇವನ್ನು ಎತ್ತುವವರು ಯಾರೂ ಇರುವುದಿಲ್ಲ.

ಸಮನ್ಸಿನ ಜಾರಿ

ದಾವೆ ದಾಖಲಾದ ಮೇಲೆ ಸಮನ್ಸು ಹೊರಡುತ್ತದೆ. ಸಂಹಿತೆಯ 5ನೇ ಆದೇಶ ಜಾರಿಯ ಕ್ರಮವನ್ನು ಎಳೆ ಎಳೆಯಾಗಿ ಹೇಳುತ್ತದೆ. ಪ್ರತಿವಾದಿ ಮನೆಯಲ್ಲಿಲ್ಲದೆ, ಬೇಗ ಸಿಗುವ ಸಂಭವವೂ ಇಲ್ಲದಿದ್ದರೆ ಜೊತೆಯಲ್ಲಿ ವಾಸಿಸುವ ವಯಸ್ಕ ಕುಟುಂಬ ಸದಸ್ಯರಿಗೆ, ಗಂಡಾಗಲಿ ಹೆಣ್ಣಾಗಲಿ, ಕೊಡಬಹುದು. ಮನೆಯ ಆಳು ಕುಟುಂಬದವನಲ್ಲ. ಯಾರೂ ಸಿಗದಿದ್ದರೆ ಹೊರಬಾಗಿಲಿಗೆ ಪ್ರತಿ ಅಂಟಿಸಿ, ಯಾವ ಸಂದರ್ಭದಲ್ಲಿ ಅಂಟಿಸಿದೆ, ಮನೆ ಗುರುತಿಸಿದವರು ಯಾರು, ಯಾರ ಸಮಕ್ಷಮ ಅಂಟಿಸಿದ್ದು ಎಂಬುದನ್ನು ಜಾರಿಕಾರರು ಷರಾ ಬರೆದು ಹಿಂದಿರುಗಿಸಬೇಕು. ಆ ವರದಿಗೆ ಪ್ರಮಾಣಪತ್ರದ ಬೆಂಬಲವಿಲ್ಲದಿದ್ದರೆ ನ್ಯಾಯಾಲಯ ಜಾರಿಕಾರರನ್ನೇ ಪ್ರಮಾಣದ ಮೇಲೆ ವಿಚಾರಿಸಬೇಕು. ಪ್ರತಿವಾದಿ ತಪ್ಪಿಸಿಕೊಳ್ಳುತ್ತಿದ್ದಾರೆಂದು ಮನದಟ್ಟಾದರೆ, ಅಥವಾ ಬೇರೆ ಕಾರಣದಿಂದ ಮಾಮೂಲಿ ಜಾರಿ ಸಾಧ್ಯವಾಗದಿದ್ದರೆ ಪತ್ರಿಕಾ ಪ್ರಕಟಣೆಗೂ ಅವಕಾಶವಿದೆ. ಹೀಗಾಗಿ ಡಿಕ್ರಿಯನ್ನು ಪ್ರಶ್ನಿಸುವವರಿಗೆ ಅತ್ಯಂತ ಬೆಲೆಯುಳ್ಳ ಕಾಗದ ಸಮನ್ಸಿನ ಹಿಂದಿನ ಆ ಷರಾ. ನಕಲು ಅರ್ಜಿ ಕೊಟ್ಟು ಷರಾ, ಆರ್ಡರ್ ಶೀಟ್, ತೀರ್ಪು, ಡಿಕ್ರಿಗಳ ದೃಢೀಕೃತ ಪ್ರತಿ ಪಡೆಯುವುದು ಮೊದಲ ಕೆಲಸ. ಮೊಕದ್ದಮೆಯ ಸಂಖ್ಯೆ ಗೊತ್ತಿಲ್ಲದವರು ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಕಾರರ ಹೆಸರಿನಿಂದ ಹುಡುಕಬಹುದು.

ತಪ್ಪು ಯಾವಾಗಲೂ ಜಾರಿಕಾರರದ್ದೇ ಆಗಿರಬೇಕೆಂದಿಲ್ಲ. ವಿಳಾಸ ಬದಲಾದರೆ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಮೋಟಾರು ವಾಹನ ಅಧಿನಿಯಮದ 49ನೇ ಕಲಮು ಹೇಳುತ್ತದೆ. ಅರಸೀಕೆರೆಯ ಹಳೆಯ ಮನೆಯ ವಿಳಾಸವನ್ನೇ ಆರ್‌ಸಿಯಲ್ಲಿ ಉಳಿಸಿಕೊಂಡು ಬೆಂಗಳೂರಿನಲ್ಲಿ ನೆಲೆಸಿದವರು ಸಮನ್ಸು ತಲುಪಲಿಲ್ಲವೆಂದಾಗ, ಹಳೆಯ ವಿಳಾಸ ಏಕೆ ಉಳಿಯಿತೆಂಬ ಪ್ರಶ್ನೆಗೂ ಉತ್ತರ ಸಿದ್ಧವಿರಬೇಕು. ಹೊಸ ಮನೆಯ ಬಾಡಿಗೆ ಕರಾರು, ವಿದ್ಯುತ್ ಬಿಲ್ಲುಗಳು ಇಲ್ಲಿ ಸಾಕ್ಷ್ಯವಾಗುತ್ತವೆ.

ರದ್ದತಿ ಅರ್ಜಿ

9ನೇ ಆದೇಶದ 13ನೇ ನಿಯಮದಡಿ, ಡಿಕ್ರಿ ಕೊಟ್ಟ ನ್ಯಾಯಾಲಯದಲ್ಲೇ ಅದರ ರದ್ದತಿ ಕೋರಬಹುದು. ಆಧಾರಗಳು ಎರಡು: ಸಮನ್ಸು ಕ್ರಮಬದ್ಧವಾಗಿ ಜಾರಿಯಾಗಿರಲಿಲ್ಲ, ಅಥವಾ ಹಾಜರಾಗದಿರಲು ಸಾಕಷ್ಟು ಕಾರಣವಿತ್ತು. 1963ರ ಕಾಲಮಿತಿ ಅಧಿನಿಯಮದ 123ನೇ ಅನುಚ್ಛೇದದಂತೆ ಇದಕ್ಕೆ 30 ದಿನಗಳ ಗಡುವು. ಡಿಕ್ರಿಯ ದಿನದಿಂದ ಎಣಿಕೆ. ಸಮನ್ಸು ಕ್ರಮಬದ್ಧವಾಗಿ ಜಾರಿಯಾಗಿರದಿದ್ದರೆ ಮಾತ್ರ ಡಿಕ್ರಿ ಅರಿವಿಗೆ ಬಂದ ದಿನದಿಂದ. ಗಡುವು ಮೀರಿದ್ದರೆ ಅದೇ ಅಧಿನಿಯಮದ 5ನೇ ಕಲಮಿನಡಿ ವಿಳಂಬ ಮನ್ನಾಕ್ಕೆ ಬೇರೆ ಅರ್ಜಿ ಬೇಕು. ಅರಿವಿಗೆ ಬಂದದ್ದು ಯಾವತ್ತು, ಹೇಗೆ ಎಂಬುದನ್ನು ಪ್ರಮಾಣಪತ್ರದಲ್ಲಿ ನಿಖರವಾಗಿ ಬರೆಯಬೇಕು. ಅರ್ಜಿಯ ಬಲಾಬಲ ಹೆಚ್ಚಾಗಿ ಇದರ ಮೇಲೆಯೇ ನಿಂತಿರುತ್ತದೆ. ಡಿಕ್ರಿ ಇನ್ನೂ ಆಗಿರದೆ, ಗೈರುಹಾಜರೆಂದು ಆದೇಶವಷ್ಟೇ ಆಗಿದ್ದರೆ 7ನೇ ನಿಯಮದಡಿ ಹಾಜರಾಗುವ ಸುಲಭ ದಾರಿಯಿದೆ.

ಸಣ್ಣ ಮೊತ್ತದ ದಾವೆಗೆ ಈ ಅರ್ಜಿಯ ಮಹತ್ವ ಇನ್ನೂ ಹೆಚ್ಚು. ಏಕಪಕ್ಷೀಯ ಡಿಕ್ರಿಯ ಮೇಲೆ ಮೇಲ್ಮನವಿಗೆ ಅವಕಾಶವಿದೆ, ನಿಜ. ಆದರೆ ಲಘು ವ್ಯವಹಾರಗಳ ನ್ಯಾಯಾಲಯ ವಿಚಾರಿಸಬಹುದಾದ ಬಗೆಯ ದಾವೆಯ ಮೌಲ್ಯ 10,000 ರೂಪಾಯಿ ಮೀರದಿದ್ದರೆ, ಸಂಹಿತೆಯ 96ನೇ ಕಲಮಿನ 4ನೇ ಉಪಕಲಮಿನಂತೆ ಕಾನೂನಿನ ಪ್ರಶ್ನೆಯ ಮೇಲೆ ಮಾತ್ರ ಮೇಲ್ಮನವಿ. ಮೇಲ್ಮನವಿ ಹೂಡಿ, ಹಿಂಪಡೆಯದೆ ಅದು ಇತ್ಯರ್ಥವಾದರೆ ರದ್ದತಿ ಅರ್ಜಿಯ ದಾರಿಯೂ ಮುಚ್ಚುತ್ತದೆ. ಆದ್ದರಿಂದ ನಿಲುಗಡೆ ಶುಲ್ಕದಂಥ ಬಾಕಿಯಲ್ಲಿ ಸಂಗತಿಗಳನ್ನು ಮತ್ತೆ ವಿಚಾರಿಸಬೇಕೆಂದು ಬಯಸುವವರಿಗೆ 13ನೇ ನಿಯಮವೇ ಮುಖ್ಯ ಮಾರ್ಗ. ಅರ್ಜಿ ತಿರಸ್ಕೃತವಾದರೆ ಆ ಆದೇಶದ ಮೇಲೆ 43ನೇ ಆದೇಶದಡಿ ಮೇಲ್ಮನವಿ ಸಲ್ಲುತ್ತದೆ.

ಆಕ್ಷೇಪಗಳು

ಇಷ್ಟು ಸಣ್ಣ ಹಣಕ್ಕೆ ಯಾರು ಬೆನ್ನು ಹತ್ತುತ್ತಾರೆ, ಸುಮ್ಮನಿದ್ದರಾಯಿತು ಎಂಬುದು ಮೊದಲ ಆಕ್ಷೇಪ. ಹಣದ ಡಿಕ್ರಿಯನ್ನು 12 ವರ್ಷಗಳವರೆಗೆ ಅಮಲ್ಜಾರಿ ಮಾಡಿಸಬಹುದು. ದಾವೆಯ ಖರ್ಚು, ಬಡ್ಡಿಯೂ ಸೇರುತ್ತವೆ. ಸುಮ್ಮನಿದ್ದವರಿಗೆ ಉಳಿಯುವುದು ಬೆಳೆಯುವ ಮೊತ್ತ ಮತ್ತು ಕಳೆದುಹೋದ ಗಡುವು. ಸಮನ್ಸೇ ಬಾರದ ಡಿಕ್ರಿಗೆ ಬೆಲೆಯೇನು ಎಂಬುದು ಎರಡನೆಯ ಆಕ್ಷೇಪ. ಅಮಲ್ಜಾರಿ ನ್ಯಾಯಾಲಯ ಡಿಕ್ರಿಯ ಹಿಂದೆ ಹೋಗಿ ಅದರ ಸರಿತಪ್ಪು ನೋಡುವುದಿಲ್ಲ. ರದ್ದಾಗುವವರೆಗೆ ಡಿಕ್ರಿ ನಿಂತೇ ಇರುತ್ತದೆ. ಜೊತೆಗೆ, ಪ್ರತಿವಾದಿಗೆ ವಿಚಾರಣೆಯ ದಿನ ಗೊತ್ತಿದ್ದು ಬರಲು ಸಮಯವೂ ಇದ್ದರೆ, ಜಾರಿಯಲ್ಲಿನ ಸಣ್ಣ ಲೋಪಕ್ಕಾಗಿ ಡಿಕ್ರಿ ರದ್ದು ಮಾಡಬಾರದೆಂದು 13ನೇ ನಿಯಮವೇ ನಿರ್ಬಂಧಿಸಿದೆ. ಪೋಸ್ಟ್‌ಮ್ಯಾನ್ ತಂದ ಲಕೋಟೆಯನ್ನು ಬೇಡವೆಂದು ಹಿಂದಿರುಗಿಸಿದವರಿಗೆ ಅದು ತಲುಪಿದೆಯೆಂದೇ ನ್ಯಾಯಾಲಯ ಭಾವಿಸಬಹುದು.

ಮೂರನೆಯ ಆಕ್ಷೇಪ ಶುಲ್ಕ ಕೇಳುವವರ ಕಡೆಯದು, ತೂಕವುಳ್ಳದ್ದು. ಜಾಗ ಕೊಟ್ಟು, ಕಾವಲಿಟ್ಟು, ನ್ಯಾಯಾಲಯದ ಖರ್ಚು ಹೊತ್ತು ಪಡೆದ ಡಿಕ್ರಿಯನ್ನು ಪ್ರತಿವಾದಿಯ ಒಂದು ನೆಪಕ್ಕೆ ತೆಗೆದುಹಾಕಿದರೆ ಅವರಿಗೆ ಅನ್ಯಾಯವಲ್ಲವೇ? ನಿಲುಗಡೆ ನಡೆಸುವವರ ಹೊಣೆಯೂ ಚಿಕ್ಕದಲ್ಲ. ಹೋಟೆಲಿನ ಸಿಬ್ಬಂದಿಗೆ ಕೀಲಿ ಕೊಟ್ಟು ಒಪ್ಪಿಸಿದ ಕಾರು ಕಳುವಾದ ಪ್ರಕರಣದಲ್ಲಿ 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೋಟೆಲನ್ನೇ ಹೊಣೆ ಮಾಡಿತು. ಈ ಆಕ್ಷೇಪಕ್ಕೆ ಕಾನೂನು ಉತ್ತರ ಇಟ್ಟಿದೆ. ಎದುರು ಪಕ್ಷಕ್ಕೆ ನೋಟಿಸು ಕೊಡದೆ ರದ್ದತಿ ಆಗುವುದಿಲ್ಲ. ರದ್ದು ಮಾಡುವಾಗ ಖರ್ಚು ಕೊಡುವಂತೆ, ಹಣ ಠೇವಣಿ ಇಡುವಂತೆ ಷರತ್ತು ಹಾಕಬಹುದು. ವಾದಿ ಕಳೆದುಕೊಳ್ಳುವುದು ಸ್ವಲ್ಪ ಕಾಲ, ಅದಕ್ಕೆ ಪರಿಹಾರವುಂಟು. ಕೇಳಿಸಿಕೊಳ್ಳದೆ ಹೊಣೆಗಾರರಾದವರ ನಷ್ಟವನ್ನು ಹಣದಲ್ಲಿ ತುಂಬಿಕೊಡಲಾಗದು.

ಅಮಲ್ಜಾರಿ ಮತ್ತು ರಾಜಿ

ಸಮನ್ಸು ಸರಿಯಾಗಿ ಜಾರಿಯಾಗಿ, ಬಾಕಿಯೂ ನಿಜವಾಗಿದ್ದರೆ ತೀರಿಸುವುದೇ ಸರಿ. ತೀರಿಸುವಾಗ ಎಚ್ಚರ ಬೇಕು. ಡಿಕ್ರಿದಾರರ ಕೈಗೆ ಹಣ ಕೊಟ್ಟು ಬಂದರೆ ಸಾಲದು. 21ನೇ ಆದೇಶದ 2ನೇ ನಿಯಮದಂತೆ ಅದು ನ್ಯಾಯಾಲಯದಲ್ಲಿ ದಾಖಲಾಗದಿದ್ದರೆ ಅಮಲ್ಜಾರಿ ನ್ಯಾಯಾಲಯ ಆ ಪಾವತಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾಖಲಿಸುವಂತೆ ಹಣ ಕೊಟ್ಟವರೇ 30 ದಿನಗಳೊಳಗೆ ಅರ್ಜಿ ಹಾಕಬಹುದು. ಕಂತು, ರಿಯಾಯಿತಿ ಬೇಕಿದ್ದವರು ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ಅವಾರ್ಡಿಗೂ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಜೈಲಿನ ಭಯ ಹುಟ್ಟಿಸುವ ಮಾತುಗಳಿಗೆ ಬೆದರಬೇಕಾಗಿಲ್ಲ. ಡಿಕ್ರಿ 2,000 ರೂಪಾಯಿ ಮೀರದಿದ್ದರೆ ಬಂಧನಕ್ಕೆ ಅವಕಾಶವೇ ಇಲ್ಲ. ಮೀರಿದರೂ, ಶಕ್ತಿಯಿದ್ದು ಕೊಡದವರು, ಓಡಿಹೋಗುವವರು, ಆಸ್ತಿ ಮರೆಮಾಚುವವರು ಇಂಥವರ ವಿಷಯದಲ್ಲಿ ಮಾತ್ರ ಅದರ ಮಾತು. ಉಡುವ ಬಟ್ಟೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಸಲಕರಣೆಗಳು ಜಪ್ತಿಯಿಂದ ಹೊರಗೆ.

ಸಂಹಿತೆ ಎರಡೂ ಕಡೆಯವರಿಂದ ಬಯಸುವುದು ಒಂದನ್ನೇ: ಮಾತು ನ್ಯಾಯಾಲಯದ ಮುಂದೆ, ಕಾಲಮಿತಿಯೊಳಗೆ ಬರಬೇಕು. ಹತ್ತುಪಟ್ಟು ದಂಡ ಕೇಳುವವರು ತಮ್ಮ ನಷ್ಟವನ್ನು ಸಮರ್ಥಿಸಬೇಕು. ಕೊಡುವುದಿಲ್ಲ ಎನ್ನುವವರು ಬಂದು ಕಾರಣ ಹೇಳಬೇಕು. ಸಮನ್ಸು ಕೈಸೇರಿದ ದಿನವೇ ವಕೀಲರನ್ನೋ ಕಾನೂನು ಸೇವಾ ಸಮಿತಿಯನ್ನೋ ಕಂಡವರಿಗೆ ಈ ಲೇಖನದ ಮುಕ್ಕಾಲು ಭಾಗ ಬೇಕಾಗುವುದಿಲ್ಲ.